ಅಂಚಿನ ಮೇಲಿನ ಹೆಸರು

ಮುಂಬೈಗೆ ಬಂದ ಹೊಸದರಲ್ಲಿ ಶನಿವಾರ ಬಂತೆಂದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗುವ ಚಟ ಹತ್ತಿತ್ತು. ಕೊಳ್ಳುವುದಕ್ಕಿಂತ ನೋಡುವುದೇ ಹೆಚ್ಚು. ಹಡಗಿನ ಹಿತ್ತಾಳೆ ದೀಪ, ಗ್ರಾಮಫೋನು, ಹಳೆಯ ಸಿನಿಮಾ ಪೋಸ್ಟರು, ಯಾರದೋ ಮದುವೆಯ ಫೋಟೊ. ಒಂದು ದಿನ ಅಂಗಡಿಯೊಂದರ ತಗಡಿನ ಡಬ್ಬಿಯಲ್ಲಿ, ತುಕ್ಕು ಹಿಡಿದ ಬೀಗದ ಕೀಲಿಗಳ ನಡುವೆ ಒಂದು ಪದಕ ಕೈಗೆ ಸಿಕ್ಕಿತು. ಒಂದು ಕಡೆ ಕಿರೀಟ ತೊಟ್ಟ ಆರನೇ ಜಾರ್ಜ್. ಇನ್ನೊಂದು ಕಡೆ ಎರಡು ತಲೆಯ ಡ್ರ್ಯಾಗನ್ ಮೇಲೆ ಕಾಲೂರಿ ನಿಂತ ಸಿಂಹ, 1939-1945 ಎಂಬ ಇಸವಿ. ಎರಡನೇ ಮಹಾಯುದ್ಧದಲ್ಲಿ ದುಡಿದವರಿಗೆಲ್ಲ ಕೊಟ್ಟ 'ವಾರ್ ಮೆಡಲ್' ಅದು. ಲಕ್ಷಾಂತರ ಜನಕ್ಕೆ ಕೊಟ್ಟದ್ದರಿಂದ ಬೆಲೆಯೇನೂ ಇಲ್ಲ. ಅಂಗಡಿಯವನು ಎಂಟುನೂರು ಹೇಳಿದ, ಐನೂರಕ್ಕೆ ಕೊಟ್ಟ.

ಮನೆಗೆ ತಂದು ಬಟ್ಟೆಯಿಂದ ಒರೆಸುವಾಗ ಅಂಚಿನಲ್ಲಿ ಅಕ್ಷರ ಕಂಡಿತು. ಒಂದು ನಂಬರು, ಒಬ್ಬ ಮನುಷ್ಯನ ಹೆಸರು, ಸ್ಟೋಕರ್ ಎಂಬುದರ ಸಂಕ್ಷೇಪ, ಕೊನೆಗೆ 'ಆರ್.ಐ.ಎನ್.' ಅಂದರೆ ರಾಯಲ್ ಇಂಡಿಯನ್ ನೇವಿ. ಹಡಗಿನ ಹೊಟ್ಟೆಯೊಳಗೆ ಬಾಯ್ಲರಿನ ಬೆಂಕಿ ನೋಡಿಕೊಳ್ಳುತ್ತಿದ್ದ ಒಬ್ಬ ಭಾರತೀಯ ನಾವಿಕ.

ಹೆಂಡತಿ ಕನ್ನಡಕ ಹಾಕಿಕೊಂಡು ಆ ಹೆಸರನ್ನು ಓದಿದಳು. "ಯಾರದೋ ಮನೆ ಸಾಮಾನು ಇದು. ಹೆಸರು ಬೇರೆ ಇದೆ. ನಮ್ಮನೆಗೆ ಯಾಕೆ ತಂದ್ರಿ?" ಅಂದಳು.

ಆಗ ಉತ್ತರ ಹೊಳೆಯಲಿಲ್ಲ. ಈ ಲೇಖನ ಒಂದು ರೀತಿಯಲ್ಲಿ ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ. ಹುಡುಕುತ್ತಾ ಹೋದಾಗ ಎರಡು ನೂರು ವರ್ಷ ಹಿಂದೆ, ಟ್ರಫಾಲ್ಗರ್ ಕದನದ ಕಾಲಕ್ಕೆ ಹೋಗಿ ನಿಂತೆ. ನಡುವೆ ನಮ್ಮ ಶ್ರೀರಂಗಪಟ್ಟಣವೂ ಬಂತು, ದಿನಾ ಬಸ್ಸಿನಲ್ಲಿ ದಾಟುವ ಮುಂಬೈ ಡಾಕ್‌ಯಾರ್ಡಿನ ಗೋಡೆಯೂ ಬಂತು.

*

ಪದಕ ಸಂಗ್ರಹಿಸುವವರು ಮೊದಲು ನೋಡುವುದು ರಾಜನ ಮುಖವನ್ನಲ್ಲ, ಅಂಚನ್ನು. ಒಂದೇ ಅಚ್ಚಿನಲ್ಲಿ ಒತ್ತಿದ ಸಾವಿರಾರು ಪದಕಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಅಂಚಿನ ಮೇಲಿನ ಹೆಸರೊಂದೇ. ಆದರೆ ಆ ಜಾಗದಲ್ಲಿ ಮೊದಲಿನಿಂದಲೂ ಪಡೆದವನ ಹೆಸರೇ ಇತ್ತು ಅಂದುಕೊಳ್ಳಬೇಡಿ. ಮೊದಲು ಅಲ್ಲಿ ಇದ್ದದ್ದು ಕೊಟ್ಟವನ ಹೆಸರು.

ಹದಿನೆಂಟನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಸಾಮಾನ್ಯ ನಾವಿಕನಿಗೆ ಯುದ್ಧದ ಪದಕ ಕೊಡುತ್ತಿರಲಿಲ್ಲ. 1794ರಲ್ಲಿ ಶುರುವಾದ ನೌಕಾ ಚಿನ್ನದ ಪದಕ ದೊಡ್ಡದು ಅಡ್ಮಿರಲ್‌ಗಳಿಗೆ, ಸಣ್ಣದು ಕ್ಯಾಪ್ಟನ್‌ಗಳಿಗೆ. ಅಲ್ಲಿಗೆ ಮುಗಿಯಿತು. 1798ರಲ್ಲಿ ನೈಲ್ ಕದನದಲ್ಲಿ ನೆಲ್ಸನ್ ಫ್ರೆಂಚರ ಹಡಗುಪಡೆಯನ್ನು ಮುರಿದಾಗ, ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಡೇವಿಸನ್ ಎಂಬಾತ ತನ್ನ ಸ್ವಂತ ಖರ್ಚಿನಲ್ಲಿ ಪದಕ ಮಾಡಿಸಿ ಹಂಚಿದ. ಕ್ಯಾಪ್ಟನ್ನರಿಗೆ ಚಿನ್ನ, ಲೆಫ್ಟಿನೆಂಟರಿಗೆ ಬೆಳ್ಳಿ, ಕೆಳಗಿನ ಅಧಿಕಾರಿಗಳಿಗೆ ಚಿನ್ನದ ಲೇಪ ಕೊಟ್ಟ ಕಂಚು, ಉಳಿದ ನಾವಿಕರಿಗೆ ಬರೀ ಕಂಚು. ಅಂಚಿನಲ್ಲಿ ಕೆತ್ತಿಸಿದ್ದು ಇದು ಡೇವಿಸನ್ನನ ಗೌರವದ ಕಾಣಿಕೆ ಎಂದು. ಜೊತೆಗೆ ಅವನ ವಿಳಾಸವೂ ಇತ್ತು: ಸೇಂಟ್ ಜೇಮ್ಸಸ್ ಸ್ಕ್ವೇರ್. ಮದುವೆಮನೆಯಲ್ಲಿ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಉಡುಗೊರೆ ಕೊಟ್ಟವರ ಹೆಸರು, ಊರು ಕೊರೆಸುತ್ತೇವಲ್ಲ, ಹಾಗೆ.

ಆ ಪದಕ ಒತ್ತಿದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲಿ. ಅದರ ಮಾಲೀಕ ಮ್ಯಾಥ್ಯೂ ಬೋಲ್ಟನ್. ಜೇಮ್ಸ್ ವಾಟ್‌ನ ಜೊತೆಗೂಡಿ ಉಗಿಯಂತ್ರ ತಯಾರಿಸಿದ ಅದೇ ಬೋಲ್ಟನ್. ಇಂಜಿನಿಯರಿಂಗ್ ಓದುವಾಗ ವಾಟ್ ಜೊತೆ ಅವನ ಹೆಸರನ್ನೂ ಕೇಳಿರುತ್ತೇವೆ. ಚಿತ್ರ ಬಿಡಿಸಿ ಅಚ್ಚು ಕೊರೆದವನು ಕಾನ್ರಾಡ್ ಹೈನ್ರಿಕ್ ಕ್ಯೂಕ್ಲರ್ ಎಂಬ ಕುಶಲಕರ್ಮಿ.

1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನವಾಯಿತು. 33 ಬ್ರಿಟಿಷ್ ಹಡಗುಗಳಲ್ಲಿ ಹದಿನೇಳು ಹದಿನೆಂಟು ಸಾವಿರ ಜನರಿದ್ದರು. ಸತ್ತವರು 449, ಗಾಯಗೊಂಡವರು 1,200ಕ್ಕೂ ಹೆಚ್ಚು. ನೆಲ್ಸನ್ ಸತ್ತ. ಈ ಸಲವೂ ಸರ್ಕಾರದಿಂದ ನಾವಿಕರಿಗೆ ಪದಕವಿಲ್ಲ. ಬೋಲ್ಟನ್ ತಾನೇ ಮುಂದೆ ಬಂದು, ಕ್ಯೂಕ್ಲರ್ ಕೈಯಲ್ಲೇ ಅಚ್ಚು ಮಾಡಿಸಿ, ಸಾಮಾನ್ಯ ನಾವಿಕರಿಗಾಗಿ ಪ್ಯೂಟರ್ ಎಂಬ ತವರದ ಮಿಶ್ರಲೋಹದಲ್ಲಿ ಸಾವಿರಾರು ಪದಕ ಒತ್ತಿಸಿದ. ಅಂಚಿನಲ್ಲಿ 'ಟ್ರಫಾಲ್ಗರಿನ ವೀರರಿಗೆ, ಎಂ. ಬೋಲ್ಟನ್‌ನಿಂದ' ಎಂಬ ಅರ್ಥದ ಸಾಲು. ಇಲ್ಲಿಯೂ ಹೆಸರು ಕೊಟ್ಟವನದೇ. ಪಡೆದವರು ಒಟ್ಟಾಗಿ 'ವೀರರು'. ತವರದ ಬಿಲ್ಲೆ ನೋಡಿ ಬೇಸರಗೊಂಡ ಕೆಲವು ನಾವಿಕರು ಅದನ್ನು ಸಮುದ್ರಕ್ಕೆ ಎಸೆದರು ಎಂಬ ಮಾತು ಸಂಗ್ರಾಹಕರ ನಡುವೆ ಬಹಳ ಕಾಲದಿಂದ ಇದೆ.

ಇದನ್ನು ಓದುವಾಗ ನನಗೆ ತಟ್ಟನೆ ನೆನಪಾದದ್ದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಬಿದ್ದು ಕೋಟೆ ಕಂಪನಿಯ ವಶವಾದ ಮೇಲೆ, ಈಸ್ಟ್ ಇಂಡಿಯಾ ಕಂಪನಿ ಒಂದು ಪದಕ ಮಾಡಿಸಿತು. ಸಿಂಹ ಹುಲಿಯನ್ನು ಅದುಮಿ ಹಿಡಿದ ಚಿತ್ರ. ಹಿಂಬದಿಯಲ್ಲಿ ಕೋಟೆಗೆ ನುಗ್ಗುತ್ತಿರುವ ಸೈನ್ಯ, ಕೆಳಗೆ ಪರ್ಷಿಯನ್ ಅಕ್ಷರ. ಅದನ್ನೂ ಒತ್ತಿದ್ದು ಬೋಲ್ಟನ್‌ನ ಸೋಹೊ ಟಂಕಸಾಲೆಯೇ, ಅಚ್ಚು ಕ್ಯೂಕ್ಲರನದೇ. ಅಲ್ಲಿಯೂ ಲೋಹದ ಮೆಟ್ಟಿಲುಗಳು: ಮೇಲಿನವರಿಗೆ ಚಿನ್ನ, ಆಮೇಲೆ ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು. ಸಾಮಾನ್ಯ ಸೈನಿಕರಿಗೆ ಮತ್ತು ಸಿಪಾಯಿಗಳಿಗೆ ತವರ, ಸುಮಾರು 45,000. ಅಂಚಿನಲ್ಲಿ ಪಡೆದವನ ಹೆಸರಿಲ್ಲ. ಮದ್ರಾಸಿನ ಕಡೆಯಿಂದ ಬಂದು ಕಾವೇರಿ ದಾಟಿದ ಸಿಪಾಯಿಗೂ, ಟ್ರಫಾಲ್ಗರಿನಲ್ಲಿ ಫಿರಂಗಿ ಎಳೆದ ನಾವಿಕನಿಗೂ ಸಿಕ್ಕಿದ್ದು ಒಂದೇ ಕಾರ್ಖಾನೆಯ ಅಂಥದೇ ತವರ. ಇಬ್ಬರಿಗೂ ಈ ವಿಷಯ ಗೊತ್ತಿರಲಿಲ್ಲ.

*

ಅಂಚಿಗೆ ಸಾಮಾನ್ಯನ ಹೆಸರು ಬಂದದ್ದು 1816ರಲ್ಲಿ, ವಾಟರ್ಲೂ ಪದಕದೊಂದಿಗೆ. ಡ್ಯೂಕ್‌ನಿಂದ ಹಿಡಿದು ಡೋಲು ಬಾರಿಸುವ ಹುಡುಗನವರೆಗೆ ಎಲ್ಲರಿಗೂ ಒಂದೇ ಬೆಳ್ಳಿ, ಎಲ್ಲರ ಅಂಚಿನಲ್ಲೂ ಅವರವರ ಹೆಸರು. ದೊಡ್ಡ ಹೆಜ್ಜೆಯೇ. ಆದರೆ ಅದು ಒಂದು ಕದನದ ಸೈನಿಕರಿಗೆ ಮಾತ್ರ. ಇಪ್ಪತ್ತು ವರ್ಷ ಸಮುದ್ರದ ಮೇಲೆ ಕಾದವರಿಗೆ, ಸ್ಪೇನಿನಲ್ಲಿ ವರ್ಷಗಟ್ಟಲೆ ಹೋರಾಡಿದವರಿಗೆ ಏನೂ ಇಲ್ಲ. ಈ ಅಸಮಾಧಾನ ಮೂವತ್ತು ವರ್ಷ ಹೊಗೆಯಾಡಿತು. ಸ್ವತಃ ಸೈನಿಕನಾಗಿ ಗಾಯಗೊಂಡಿದ್ದ ಡ್ಯೂಕ್ ಆಫ್ ರಿಚ್ಮಂಡ್ ಪಾರ್ಲಿಮೆಂಟಿನಲ್ಲಿ ಹಳೆಯ ಯೋಧರ ಪರವಾಗಿ ಮತ್ತೆ ಮತ್ತೆ ಮಾತಾಡಿದ. ವಿರೋಧಿಸಿದ ದೊಡ್ಡ ವ್ಯಕ್ತಿ ಯಾರೆಂದರೆ ವಾಟರ್ಲೂ ಗೆದ್ದ ವೆಲ್ಲಿಂಗ್ಟನ್. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕರ್ನಲ್ ವೆಲ್ಲೆಸ್ಲಿ, ಅವನೇ.

ಕೊನೆಗೆ 1847ರ ಜೂನ್ 1ರಂದು ಆದೇಶ ಹೊರಟಿತು. ಭೂಸೇನೆಗೊಂದು, ನೌಕಾಪಡೆಗೊಂದು. ನೌಕಾಪಡೆಯದರ ಹೆಸರು 'ನೇವಲ್ ಜನರಲ್ ಸರ್ವಿಸ್ ಮೆಡಲ್'. ವಿಲಿಯಂ ವಯಾನ್ ಕೊರೆದ ಅಚ್ಚು. ಒಂದು ಕಡೆ ಎಳೆ ವಯಸ್ಸಿನ ವಿಕ್ಟೋರಿಯಾ, ಇನ್ನೊಂದು ಕಡೆ ತ್ರಿಶೂಲ ಹಿಡಿದು ಕಡಲ್ಗುದುರೆಯ ಮೇಲೆ ಕೂತ ಬ್ರಿಟಾನಿಯಾ. ಬಿಳಿ ರಿಬ್ಬನ್ನು, ಎರಡೂ ಬದಿಗೆ ಕಡುನೀಲಿ ಅಂಚು. ಯಾವ ಕದನದಲ್ಲಿದ್ದನೋ ಅದರ ಹೆಸರಿನ ಬೆಳ್ಳಿ ಪಟ್ಟಿಯನ್ನು ರಿಬ್ಬನ್ನಿನ ಮೇಲೆ ಕೂರಿಸುತ್ತಿದ್ದರು. ಇದಕ್ಕೆ ಕ್ಲಾಸ್ಪ್ ಎನ್ನುತ್ತಾರೆ. 1793ರಿಂದ 1840ರವರೆಗಿನ ಕದನಗಳಿಗೆ ಒಟ್ಟು 231 ಬಗೆಯ ಕ್ಲಾಸ್ಪ್‌ಗಳು. ಕೊಟ್ಟ ಪದಕಗಳು ಸುಮಾರು 21,000. ಅವುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗಕ್ಕೆ ಒಂದೇ ಕ್ಲಾಸ್ಪ್.

ಷರತ್ತು ಎರಡು. ಬದುಕಿರಬೇಕು. ಮತ್ತು ತಾನೇ ಅರ್ಜಿ ಹಾಕಬೇಕು.

ಈ ಎರಡು ಷರತ್ತುಗಳು ಏನು ಮಾಡಿದವು ನೋಡಿ. ಟ್ರಫಾಲ್ಗರ್ ಆಗಿ 42 ವರ್ಷ ಕಳೆದಿತ್ತು. ಹದಿನೇಳು ಸಾವಿರಕ್ಕೂ ಹೆಚ್ಚು ಜನ ಕಾದಿದ ಆ ಕದನದ ಕ್ಲಾಸ್ಪ್ ಪಡೆದವರು ಸಾವಿರದ ಆರುನೂರು, ಏಳುನೂರರ ಆಸುಪಾಸು. ಹತ್ತರಲ್ಲಿ ಒಬ್ಬನೂ ಇಲ್ಲ. ನೈಲ್ ಕದನಕ್ಕೆ ಮುನ್ನೂರ ಚಿಲ್ಲರೆ ಜನ. ಅದೇ 1840ರಲ್ಲಿ, ಅಂದರೆ ಆದೇಶಕ್ಕೆ ಬರೀ ಏಳು ವರ್ಷ ಮುಂಚೆ ನಡೆದ ಸಿರಿಯಾ ಕರಾವಳಿಯ ಕಾರ್ಯಾಚರಣೆಗೆ ಸುಮಾರು ಏಳು ಸಾವಿರ! ಒಟ್ಟು ಪದಕಗಳಲ್ಲಿ ಮೂರರಲ್ಲೊಂದು. ಯಾವುದು ದೊಡ್ಡ ಕದನ ಎಂಬುದನ್ನು ಈ ಸಂಖ್ಯೆಗಳು ಹೇಳುವುದಿಲ್ಲ, ಯಾರು ಇನ್ನೂ ಉಳಿದಿದ್ದರು ಎಂಬುದನ್ನು ಹೇಳುತ್ತವೆ. ನಮ್ಮ ಡೇಟಾ ಭಾಷೆಯಲ್ಲಿ ಇದಕ್ಕೆ ಸರ್ವೈವರ್‌ಶಿಪ್ ಬಯಾಸ್ ಎನ್ನುತ್ತೇವೆ. ಕೆಲವು ಸಣ್ಣ ಕದನಗಳಿಗೆ ಕ್ಲಾಸ್ಪ್ ಘೋಷಣೆಯಾದರೂ ಅರ್ಜಿ ಹಾಕಲು ಒಬ್ಬನೂ ಉಳಿದಿರಲಿಲ್ಲ.

ನೆಲ್ಸನ್ ಸಾಯುವಾಗ ಪಕ್ಕದಲ್ಲಿದ್ದ ಕ್ಯಾಪ್ಟನ್ ಹಾರ್ಡಿ 1839ರಲ್ಲಿ ತೀರಿಕೊಂಡಿದ್ದ. ಅವನಿಗಾದರೂ ಹಿಂದೆಯೇ ಚಿನ್ನದ ಪದಕ ಸಿಕ್ಕಿತ್ತು. ಜಾನ್ ನಿಕೋಲ್‌ಗೆ ಅದೂ ಇಲ್ಲ. ಸ್ಕಾಟ್ಲೆಂಡಿನ ಈ ಪೀಪಾಯಿ ಕೆಲಸಗಾರ 'ಗೋಲಿಯಾತ್' ಹಡಗಿನಲ್ಲಿ ಸೇಂಟ್ ವಿನ್ಸೆಂಟ್ ಕದನವನ್ನೂ ನೈಲ್ ಕದನವನ್ನೂ ಕಂಡವನು. ವಯಸ್ಸಾದ ಮೇಲೆ ಪಿಂಚಣಿ ಕೇಳಲು ಲಂಡನ್ನಿಗೆ ಹೋಗಿ ಬರಿಗೈಯಲ್ಲಿ ವಾಪಸಾದ. 1822ರಲ್ಲಿ ಅವನ ಆತ್ಮಕಥೆ ಪ್ರಕಟವಾಯಿತು. ಸಾಮಾನ್ಯ ನಾವಿಕನ ಬದುಕು ತಿಳಿಯಬೇಕೆನ್ನುವ ಇತಿಹಾಸಕಾರರು ಇಂದಿಗೂ ಆ ಪುಸ್ತಕ ತೆಗೆಯುತ್ತಾರೆ. ಅವನು ಸತ್ತದ್ದು 1825ರಲ್ಲಿ, ಪದಕಕ್ಕೆ 22 ವರ್ಷ ಮುಂಚೆ. ಇಂದು ಹರಾಜಿನಲ್ಲಿ ಸೇಂಟ್ ವಿನ್ಸೆಂಟ್ ಮತ್ತು ನೈಲ್ ಎರಡೂ ಕ್ಲಾಸ್ಪ್ ಇರುವ ಪದಕ ಬಂದರೆ ಸಂಗ್ರಾಹಕರು ಮುಗಿಬೀಳುತ್ತಾರೆ. ಆ ಎರಡೂ ಕದನಗಳನ್ನು ನಮಗೆ ಹೇಳಿದವನ ಪದಕ ಎಂದೂ ತಯಾರೇ ಆಗಲಿಲ್ಲ.

*

ನಿಕೋಲ್ ಒಂದು ಮಾತು ದಾಖಲಿಸಿದ್ದಾನೆ. ನೈಲ್ ಕದನದಲ್ಲಿ ಅವನಿದ್ದದ್ದು ಮದ್ದಿನ ಕೋಣೆಯ ಹತ್ತಿರ. ಅಲ್ಲಿಂದ ಫಿರಂಗಿಗಳಿಗೆ ಮದ್ದು ಸಾಗಿಸುವವರಲ್ಲಿ ಹುಡುಗರ ಜೊತೆ ಹೆಂಗಸರೂ ಇದ್ದರು. ಗುಂಡಿನ ಸದ್ದಿನ ನಡುವೆಯೇ ಒಬ್ಬಳಿಗೆ ಹೆರಿಗೆಯೂ ಆಯಿತು. ನಿಯಮದ ಪ್ರಕಾರ ಹಡಗಿನಲ್ಲಿ ಹೆಂಗಸರು ಇರುವಂತಿಲ್ಲ, ಆದರೆ ನಾವಿಕರ, ಕೆಳ ಅಧಿಕಾರಿಗಳ ಹೆಂಡಂದಿರು ಇರುತ್ತಿದ್ದರು. ಹೆಸರು ಪುಸ್ತಕಕ್ಕೆ ಏರುತ್ತಿರಲಿಲ್ಲ, ಪಡಿ ಇಲ್ಲ, ಸಂಬಳ ಇಲ್ಲ. ಅದೇ ಗೋಲಿಯಾತ್ ಹಡಗಿನ ಪುಸ್ತಕದಲ್ಲಿ ಮಾತ್ರ ಕದನದ ನಂತರ ನಾಲ್ವರು ಹೆಂಗಸರ ಹೆಸರು ಕಾಣುತ್ತದೆ. ಗಂಡಂದಿರು ಸತ್ತಿದ್ದರು, ಇವರು ಗಾಯಾಳುಗಳ ಆರೈಕೆಗೆ ನಿಂತಿದ್ದರು. ಅದಕ್ಕಾಗಿ ಕ್ಯಾಪ್ಟನ್ ಮೂರನೇ ಎರಡರಷ್ಟು ಪಡಿ ಬರೆಸಿದ.

1847ರ ಆದೇಶದಲ್ಲಿ ಗಂಡು ಹೆಣ್ಣು ಎಂಬ ಭೇದವಿರಲಿಲ್ಲ. ಹಾಗಾಗಿ ಟ್ರಫಾಲ್ಗರಿನಲ್ಲಿ 'ಡಿಫಯನ್ಸ್' ಹಡಗಿನಲ್ಲಿದ್ದ ಜೇನ್ ಟೌನ್‌ಷೆಂಡ್ ಅರ್ಜಿ ಹಾಕಿದಳು. ಅವಳು ಅಲ್ಲಿದ್ದಳು ಎಂಬುದಕ್ಕೆ ಪುರಾವೆ ಸರಿಯಿತ್ತು. ಸಮಿತಿ ಮೊದಲು ಒಪ್ಪುವ ಕಡೆಗೇ ಇತ್ತು. ಆಮೇಲೆ ಯೋಚನೆ ಬದಲಾಯಿತು. ಇವಳಿಗೆ ಕೊಟ್ಟರೆ ಹೀಗೇ ನೆರವಾದ ಹೆಂಗಸರು ಪಡೆಯಲ್ಲಿ ಬಹಳ ಜನ, ಲೆಕ್ಕವಿಲ್ಲದಷ್ಟು ಅರ್ಜಿ ಬರುತ್ತವೆ ಎಂದು ತಿರಸ್ಕರಿಸಿದರು. ಕಾರಣವನ್ನು ಗಮನಿಸಿ. ಹೆಂಗಸರು ಕೆಲಸ ಮಾಡಲಿಲ್ಲ ಎಂದಲ್ಲ, ಬಹಳ ಜನ ಮಾಡಿದ್ದರು ಎಂದು! ನೈಲ್ ಕದನಕ್ಕಾಗಿ ಅರ್ಜಿ ಹಾಕಿದ ಆನ್ ಹಾಪಿಂಗ್, ಮೇರಿ ಆನ್ ರೈಲಿ ಅವರಿಗೂ ಇಲ್ಲವೆಂದರು.

ಇದೇ ಪಟ್ಟಿಯಲ್ಲಿ ಡೇನಿಯಲ್ ಟ್ರೆಮೆಂಡಸ್ ಮೆಕೆಂಜಿ ಎಂಬ ಹೆಸರಿದೆ. ಅವನಿಗೆ ಪದಕ ಸಿಕ್ಕಿತು, '1 ಜೂನ್ 1794' ಎಂಬ ಕ್ಲಾಸ್ಪ್ ಸಮೇತ. ಹಡಗಿನಲ್ಲಿ ಅವನ ಹುದ್ದೆ ಏನು ಎಂಬ ಕಾಲಮ್ಮಿನಲ್ಲಿ ಬರೆದಿರುವುದು: 'ಬೇಬಿ'. ಆ ಕದನದ ಹೊತ್ತಿನಲ್ಲಿ 'ಟ್ರೆಮೆಂಡಸ್' ಹಡಗಿನಲ್ಲೇ ಹುಟ್ಟಿದ ಕೂಸು ಅವನು. ಹೆಸರಿನ ನಡುವೆ ಹಡಗನ್ನೂ ಇಟ್ಟುಕೊಂಡಿದ್ದ. 53ನೇ ವಯಸ್ಸಿನಲ್ಲಿ, ಹುಟ್ಟಿದ್ದಕ್ಕಾಗಿ ಪದಕ. ಮೊದಲ ಸಲ ಓದಿದಾಗ ನಕ್ಕಿದ್ದೆ. ಈಗ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ಹಡಗಿನಲ್ಲಿದ್ದ ಗಂಡು ಕೂಸು ಎಂಬ ಲೆಕ್ಕದಲ್ಲಿ ಮಗ ಅರ್ಹ. ಹೆತ್ತವಳು ಅಂದು ಅರ್ಜಿ ಹಾಕಿದ್ದರೂ ಸಿಗುತ್ತಿರಲಿಲ್ಲ.

*

ಈಗ ಹುಡುಕುವ ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನನ್ನ ವೃತ್ತಿಗೆ ಹತ್ತಿರವಾದ ಭಾಗ ಅದು.

ಈ ಪದಕದ ಅಂಚಿನಲ್ಲಿ ಅಧಿಕಾರಿಗಳಿಗಾದರೆ ಹೆಸರಿನ ಜೊತೆ ಹುದ್ದೆ ಇರುತ್ತದೆ. ಸಾಮಾನ್ಯ ನಾವಿಕನಿಗೆ ಬರೀ ಹೆಸರು. ಹಡಗಿಲ್ಲ, ನಂಬರಿಲ್ಲ, ಊರಿಲ್ಲ. ಜಾನ್ ಸ್ಮಿತ್, ವಿಲಿಯಂ ಬ್ರೌನ್, ಥಾಮಸ್ ಜೋನ್ಸ್. ಪ್ರೈಮರಿ ಕೀ ಇಲ್ಲದ ಟೇಬಲ್ ಇದ್ದ ಹಾಗೆ. ಕದನದ ಕ್ಲಾಸ್ಪ್ ಇದ್ದರೆ ಹುಡುಕಾಟ ಆ ದಿನ ಅಲ್ಲಿದ್ದ ಹಡಗುಗಳಿಗೆ ಇಳಿಯುತ್ತದೆ. ಆಮೇಲೆ ಅರ್ಜಿದಾರರ ಪಟ್ಟಿ ನೋಡಬೇಕು, ಅದನ್ನು ಹಡಗಿನ ಹಾಜರಿ ಪುಸ್ತಕದ ಜೊತೆ ತಾಳೆ ಮಾಡಬೇಕು. ಈ ಪುಸ್ತಕದ ಹೆಸರು ನಮಗೆ ಹೊಸದಲ್ಲ: ಮಸ್ಟರ್. ಊರ ಕಡೆ ಕೂಲಿಯ ಲೆಕ್ಕ ಬರೆಯುವ ಮಸ್ಟರ್ ರೋಲ್ ಇದೆಯಲ್ಲ, ಅದೇ ಪದ.

ಕೆಲವು ವರ್ಷಗಳ ಹಿಂದೆ ಆಫೀಸಿನ ಕೆಲಸಕ್ಕೆಂದು ಲಂಡನ್ನಿಗೆ ಹೋಗಿದ್ದಾಗ ಒಂದು ಶನಿವಾರ ಬಿಡುವು ಮಾಡಿಕೊಂಡು ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಹೋದೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಸ್ಪಂಜಿನ ದಿಂಬಿನ ಮೇಲೆ ದೊಡ್ಡ ಪುಸ್ತಕ ತಂದಿಟ್ಟರು. ಒಂದೊಂದು ಸಾಲು ಒಬ್ಬ ಮನುಷ್ಯ. ಹಡಗು ಹತ್ತಿದ ದಿನ, ವಯಸ್ಸು, ಹುಟ್ಟಿದ ಊರು, ಹುದ್ದೆ. ಮುಂದೆ ಸಂಬಳದಿಂದ ಕಡಿತದ ಕಾಲಮ್ಮುಗಳು: ಬಟ್ಟೆಗೆ ಇಷ್ಟು, ತಂಬಾಕಿಗೆ ಇಷ್ಟು, ಸತ್ತವರ ಬಟ್ಟೆ ಕೊಂಡದ್ದಕ್ಕೆ ಇಷ್ಟು. ಸತ್ತ ನಾವಿಕನ ಬಟ್ಟೆಬರೆಯನ್ನು ಹಡಗಿನಲ್ಲೇ ಹರಾಜು ಹಾಕುತ್ತಿದ್ದರು, ಕೊಂಡವರ ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದರು. ಅದಕ್ಕೊಂದು ಪ್ರತ್ಯೇಕ ಕಾಲಮ್ ಬೇಕಾಗುವಷ್ಟು ಅದು ಮಾಮೂಲು. ಕೊನೆಗೆ ಒಂದೆರಡು ಅಕ್ಷರ. 'ಡಿ' ಎಂದರೆ ಬಿಡುಗಡೆ. 'ಆರ್' ಎಂದರೆ ಓಡಿಹೋದ. 'ಡಿಡಿ' ಎಂದರೆ ಡಿಸ್‌ಚಾರ್ಜ್ಡ್ ಡೆಡ್, ಸತ್ತು ಬಿಡುಗಡೆಯಾದ.

ಹುಟ್ಟಿದ ಊರಿನ ಕಾಲಮ್ಮು ನೋಡುತ್ತಾ ಹೋದರೆ ಬ್ರಿಟಿಷ್ ನೌಕಾಪಡೆ ಎಷ್ಟು ಬ್ರಿಟಿಷ್ ಎಂಬ ಅನುಮಾನ ಬರುತ್ತದೆ. ನೆಲ್ಸನ್‌ನ 'ವಿಕ್ಟರಿ'ಯಲ್ಲೇ ಅಮೆರಿಕದವರು, ಇಟಲಿಯವರು, ಮಾಲ್ಟಾದವರು, ಡಚ್ಚರು, ಶತ್ರುದೇಶ ಫ್ರಾನ್ಸಿನವರೂ ಇದ್ದರು. ಹುಟ್ಟಿದ ಸ್ಥಳ ಇಂಡಿಯಾ ಎಂದಿರುವವರೂ ಇದ್ದಾರೆ. ಅವರು ಯಾವ ಊರಿಂದ, ಯಾವ ಮನೆಯಿಂದ ಹೋಗಿ ಆ ಹಡಗು ಸೇರಿದರೋ, ಅದಕ್ಕೆ ಕಾಲಮ್ ಇಲ್ಲ.

ತಾಳೆ ಮಾಡುವ ಈ ಕೆಲಸ ಬರೀ ಕುತೂಹಲಕ್ಕಲ್ಲ. ದುಡ್ಡಿದ್ದ ಕಡೆ ಮೋಸವೂ ಇರುತ್ತದೆ. ಸಾಧಾರಣ ಸಿರಿಯಾ ಪದಕದ ಅಂಚನ್ನು ಅರದಿಂದ ಉಜ್ಜಿ, ಟ್ರಫಾಲ್ಗರ್ ನಾವಿಕನ ಹೆಸರು ಹಾಕಿ, ಕ್ಲಾಸ್ಪ್ ಬದಲಿಸಿದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಹಾಗಾಗಿ ಸಂಗ್ರಾಹಕರ ಜೇಬಿನಲ್ಲಿ ಭೂತಗನ್ನಡಿಯ ಜೊತೆ ಕ್ಯಾಲಿಪರ್ ಇರುತ್ತದೆ. ಅಂಚು ಉಜ್ಜಿದ ಪದಕದ ವ್ಯಾಸ ಕೂದಲೆಳೆಯಷ್ಟು ಕಡಿಮೆಯಾಗಿರುತ್ತದೆ. ಹೊಸ ಅಕ್ಷರದ ಶೈಲಿ, ರಿವೆಟ್ಟಿನ ತಲೆ, ಎಲ್ಲವನ್ನೂ ನೋಡುತ್ತಾರೆ. ಎಲ್ಲಕ್ಕಿಂತ ಕೊನೆಯ ತೀರ್ಪು ಅರ್ಜಿದಾರರ ಪಟ್ಟಿಯದು. ಅದರಲ್ಲಿ ಹೆಸರಿಲ್ಲದಿದ್ದರೆ ಬೆಳ್ಳಿ ಎಷ್ಟೇ ಹೊಳೆದರೂ ಉಪಯೋಗವಿಲ್ಲ.

*

ನಮ್ಮ ಬಸ್ಸು ದಾಟುವ ಗೋಡೆಯ ವಿಷಯ ಹೇಳುತ್ತೇನೆ ಎಂದಿದ್ದೆ.

231 ಕ್ಲಾಸ್ಪ್‌ಗಳಲ್ಲಿ ಒಂದು 'ನವರಿನೊ'. 1827ರ ಅಕ್ಟೋಬರ್ 20ರಂದು ಗ್ರೀಸಿನ ನವರಿನೊ ಕೊಲ್ಲಿಯಲ್ಲಿ ಬ್ರಿಟಿಷ್, ಫ್ರೆಂಚ್, ರಷ್ಯನ್ ಹಡಗುಗಳು ಸೇರಿ ಟರ್ಕಿ ಮತ್ತು ಈಜಿಪ್ಟಿನ ಪಡೆಯನ್ನು ನಾಶಮಾಡಿದವು. ಗ್ರೀಸಿನ ಸ್ವಾತಂತ್ರ್ಯಕ್ಕೆ ದಾರಿಯಾದ ಕದನ. ಪೂರ್ತಿ ಹಾಯಿಹಡಗುಗಳಿಂದಲೇ ನಡೆದ ಕೊನೆಯ ದೊಡ್ಡ ಸಮರವೆಂದು ಇದನ್ನು ಹೇಳುತ್ತಾರೆ. ಬ್ರಿಟಿಷ್ ಅಡ್ಮಿರಲ್ ಕಾಡ್ರಿಂಗ್ಟನ್. ಇವನು 1794ರ ಜೂನ್ 1ರ ಕದನದಲ್ಲೂ ಇದ್ದ, ಟ್ರಫಾಲ್ಗರಿನಲ್ಲೂ ಇದ್ದ, 1847ರಲ್ಲಿ ಬದುಕಿಯೂ ಇದ್ದ. ಅಂಥ ಅದೃಷ್ಟ ಕೆಲವರದು.

ನವರಿನೊದಲ್ಲಿ ಅವನ ಧ್ವಜನೌಕೆಯ ಹೆಸರು 'ಏಷ್ಯಾ'. 84 ಫಿರಂಗಿಗಳ ಆ ಹಡಗು ಕಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, ಇಲ್ಲಿ, ಬಾಂಬೆ ಡಾಕ್‌ಯಾರ್ಡಿನಲ್ಲಿ. 1824ರಲ್ಲಿ ನೀರಿಗಿಳಿಯಿತು. ಕಟ್ಟಿದ ಮುಖ್ಯಸ್ಥ ಪಾರ್ಸಿ ವಾಡಿಯಾ ಮನೆತನದ ನೌರೋಜಿ ಜಮ್ಷೆಡ್ಜಿ. ಕಾಲಾ ಘೋಡಾ ಹತ್ತಿರದ ಲಯನ್ ಗೇಟಿನ ಒಳಗಿನ ಜಾಗ ಅದು, ಈಗ ನಮ್ಮ ನೌಕಾಪಡೆಯದು. ಬಾಂಬೆ ಹಡಗುಗಳ ಖ್ಯಾತಿಗೆ ಕಾರಣ ತೇಗದ ಮರ. ಇಂಗ್ಲೆಂಡಿನ ಓಕ್ ಕೊಳೆಯುವ ಕಡೆ ತೇಗ ಉಳಿಯುತ್ತಿತ್ತು. ಆ ಡಾಕ್‌ಯಾರ್ಡಿಗೆ ತೇಗ ಬರುತ್ತಿದ್ದದ್ದು ಮಲಬಾರ್ ಮತ್ತು ಕೆನರಾ ಕಾಡುಗಳಿಂದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈಗೆ ಹೋಗಿತ್ತು. ಅದೇ ಡಾಕ್‌ಯಾರ್ಡಿನಲ್ಲಿ 1817ರಲ್ಲಿ ಕಟ್ಟಿದ 'ಟ್ರಿಂಕೊಮಲಿ' ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲೆ ತೇಲುತ್ತಿದೆ.

'ಏಷ್ಯಾ'ದ ಮೇಲೆ ಕಾದಿದ ನಾವಿಕ ಬದುಕಿದ್ದರೆ ಅವನಿಗೆ ಹೆಸರು ಕೆತ್ತಿದ ಬೆಳ್ಳಿ ಸಿಕ್ಕಿತು. ನೌರೋಜಿಯ ಹೆಸರು ಇತಿಹಾಸದಲ್ಲಿ ಉಳಿಯಿತು. ಕಾಡಿನಲ್ಲಿ ಮರ ಕಡಿದವರು, ದಿಮ್ಮಿಗಳನ್ನು ಕಡಲವರೆಗೆ ಸಾಗಿಸಿದವರು, ಹಲಗೆ ಕೊಯ್ದ ಬಡಗಿಗಳು ಯಾವ ಅಂಚಿನಲ್ಲೂ ಇಲ್ಲ. ಬೆಳಿಗ್ಗೆ ಆ ಗೋಡೆ ದಾಟುವಾಗ ಕೆಲವೊಮ್ಮೆ ಇದು ನೆನಪಾಗುತ್ತದೆ, ಕೆಲವೊಮ್ಮೆ ಮೊಬೈಲ್ ನೋಡುತ್ತಿರುತ್ತೇನೆ.

*

ನನ್ನ ಹತ್ತಿರ ಈಗ ಏಳು ಪದಕಗಳಿವೆ. ನೇವಲ್ ಜನರಲ್ ಸರ್ವಿಸ್ ಒಂದೂ ಇಲ್ಲ. ಅದು ನಮ್ಮಂಥವರ ಜೇಬಿಗೆ ದೂರ. ಹರಾಜಿನ ಕ್ಯಾಟಲಾಗುಗಳಲ್ಲಿ, ಮ್ಯೂಸಿಯಂನ ಗಾಜಿನಾಚೆ ನೋಡಿ ಸಮಾಧಾನ ಮಾಡಿಕೊಳ್ಳುತ್ತೇನೆ. ಏಳರಲ್ಲಿ ನನಗೆ ಮುಖ್ಯವಾದದ್ದು ಅದೇ ಮಟನ್ ಸ್ಟ್ರೀಟಿನ ಐನೂರು ರೂಪಾಯಿಯದು.

ಅದರ ಬಗ್ಗೆ ಆಮೇಲೆ ತಿಳಿದ ಒಂದು ಸಂಗತಿ ಹೇಳಬೇಕು. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಜನಕ್ಕೆ ಹೆಸರು ಕೆತ್ತದೆ ಕೊಟ್ಟಿತು. ವಾಟರ್ಲೂ ಕಾಲದಲ್ಲಿ ಶುರುವಾದ ಪದ್ಧತಿಯನ್ನು ಅಷ್ಟು ಜನಕ್ಕೆ ನಡೆಸಲು ಖರ್ಚು ಬಹಳ ಎಂದು ಬಿಟ್ಟರು. ಆದರೆ ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳು ತಮ್ಮವರ ಪದಕಗಳ ಮೇಲೆ ಸಾಮಾನ್ಯವಾಗಿ ಹೆಸರು ಒತ್ತಿಸಿದವು. ಲಂಡನ್ನಿನ ನಾವಿಕನ ಪದಕ ಇಂದು ಡಬ್ಬಿಯೊಂದಕ್ಕೆ ಬಿದ್ದರೆ ಅದು ಯಾರದೆಂದು ಹೇಳಲಾಗದು. ನಮ್ಮ ಸ್ಟೋಕರ್‌ನದನ್ನು ಹೇಳಬಹುದು.

ಎಲ್ಲವನ್ನೂ ಅಲ್ಲ. 1946ರ ಫೆಬ್ರವರಿ 18ರಂದು ಕೊಲಾಬಾದ ಎಚ್.ಎಂ.ಐ.ಎಸ್. ತಲ್ವಾರ್ ತರಬೇತಿ ಕೇಂದ್ರದಲ್ಲಿ ಶುರುವಾದ ರಾಯಲ್ ಇಂಡಿಯನ್ ನೇವಿಯ ಬಂಡಾಯ 78 ಹಡಗು, 20 ತೀರಕೇಂದ್ರ, ಸುಮಾರು 20,000 ನಾವಿಕರಿಗೆ ಹಬ್ಬಿತು. ಕೆಟ್ಟ ಊಟ, ಸಂಬಳದ ತಾರತಮ್ಯ, ಅಧಿಕಾರಿಗಳ ಬೈಗುಳ, ಅದರ ಹಿಂದೆ ಸ್ವಾತಂತ್ರ್ಯದ ಆಸೆ. ಆಮೇಲೆ ನೂರಾರು ನಾವಿಕರು ಕೆಲಸ ಕಳೆದುಕೊಂಡರು. ನನ್ನ ಪದಕದ ಒಡೆಯ ಆ ದಿನ ಹಡಗಿನ ಮೇಲೆ ಘೋಷಣೆ ಕೂಗುತ್ತಿದ್ದನೋ, ಬಾಯ್ಲರ್ ಪಕ್ಕದಲ್ಲಿ ಸುಮ್ಮನೆ ಕೂತಿದ್ದನೋ, ಅಷ್ಟರಲ್ಲಿ ಊರಿಗೆ ಹೋಗಿಬಿಟ್ಟಿದ್ದನೋ? ಅಂಚು ಹೇಳುವುದಿಲ್ಲ. ಡ್ರ್ಯಾಗನ್ ಮೇಲೆ ನಿಂತ ಸಿಂಹವನ್ನು ಅವನು ಹೆಮ್ಮೆಯಿಂದ ಇಟ್ಟುಕೊಂಡಿದ್ದನೋ, ಪೆಟ್ಟಿಗೆಯ ತಳಕ್ಕೆ ಎಸೆದಿದ್ದನೋ ಅದೂ ಗೊತ್ತಿಲ್ಲ. ಮನೆಯವರಿಗಾಗಿ ಹುಡುಕಿದೆ. ಹೆಸರು ತುಂಬಾ ಸಾಮಾನ್ಯವಾದದ್ದು, ಊರು ಇಲ್ಲ. ಇನ್ನೂ ಸಿಕ್ಕಿಲ್ಲ.

"ನಮ್ಮನೆಗೆ ಯಾಕೆ ತಂದ್ರಿ" ಎಂಬ ಪ್ರಶ್ನೆಗೆ ಈಗ ನನ್ನ ಉತ್ತರ ಇಷ್ಟು. ತರದಿದ್ದರೆ ಅದು ಕೀಲಿಗಳ ಜೊತೆ ತೂಕಕ್ಕೆ ಹೋಗುತ್ತಿತ್ತು. ತಂದ ಮೇಲೆ ಅದು ನನ್ನದು ಎಂದು ಅನಿಸುವುದಿಲ್ಲ. ಅದಕ್ಕೊಂದು ಸಣ್ಣ ಕಾರ್ಡು ಮಾಡಿ, ನಂಬರು, ಹೆಸರು, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂದು ಬರೆದು ಜೊತೆಗಿಟ್ಟಿದ್ದೇನೆ. ಮನೆಯವರು ಸಿಕ್ಕರೆ ಕೊಡಬೇಕೆಂದು ಮಗಳಿಗೂ ಹೇಳಿದ್ದೇನೆ. ಅಂಚನ್ನು ಪಾಲಿಶ್ ಮಾಡುವುದಿಲ್ಲ. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ.

ಕಳೆದ ತಿಂಗಳು ಮೂರು ವರ್ಷ ನಡೆದ ಪ್ರಾಜೆಕ್ಟೊಂದು ಮುಗಿಯಿತು. ಪ್ರಶಂಸಾಪತ್ರಕ್ಕೆ ಹೆಸರುಗಳ ಪಟ್ಟಿ ಕಳಿಸಿ ಎಂದು ಮೇಲ್ ಬಂತು. ಫಾರ್ಮಿನಲ್ಲಿ ಈಗ ಕೆಲಸದಲ್ಲಿರುವವರ ನಂಬರು ಹಾಕಿದರೆ ಮಾತ್ರ ಸಾಲು ತುಂಬುತ್ತದೆ. ಮೊದಲ ವರ್ಷ ರಾತ್ರಿಗಟ್ಟಲೆ ಕೂತು ಡಿಸೈನ್ ಮಾಡಿದ ಹುಡುಗಿ ಬಿಟ್ಟು ಹೋಗಿದ್ದಳು, ಟೆಸ್ಟಿಂಗ್ ನಡೆಸಿದ ಇಬ್ಬರು ಗುತ್ತಿಗೆಯವರು. ಬದುಕಿರಬೇಕು, ತಾನೇ ಅರ್ಜಿ ಹಾಕಬೇಕು! ಕೆಳಗೆ 'ರಿಮಾರ್ಕ್ಸ್' ಎಂಬ ಸಣ್ಣ ಡಬ್ಬಿಯಿತ್ತು. ಅದರಲ್ಲಿ ಆ ಮೂವರ ಹೆಸರು ಬರೆದು ಕಳಿಸಿದೆ. ಅದನ್ನು ಯಾರಾದರೂ ಓದಿದರೋ ಇಲ್ಲವೋ ಗೊತ್ತಾಗಲಿಲ್ಲ. ಪಟ್ಟಿಯಲ್ಲಂತೂ ಇದೆ.